ಬೆಳಕಾದ ಮೇಲೆ ಕೆತ್ತಿದ ಪಾಲೆ

ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅದಕ್ಕೆ ನನಗೆ ನಾಚಿಕೆ ಇಲ್ಲ. ಉರ್ವದಿಂದ ಜೆಪ್ಪುವಿನವರೆಗೆ ನಾನು ಕೆಂಪುಕಲ್ಲಿನಲ್ಲಿ ಕಟ್ಟಿದ ಕಂಪೌಂಡು ಗೋಡೆಗಳಿವೆ. ಎಷ್ಟೋ ಮಳೆಗಾಲ ಕಂಡಿವೆ, ಒಂದೂ ವಾಲಿಲ್ಲ. ಕಲ್ಲು ಎಲ್ಲಿ ಕೂರುತ್ತದೆ, ಎಲ್ಲಿ ಕೂರುವುದಿಲ್ಲ ಎಂದು ನನ್ನ ಕೈಗೇ ಗೊತ್ತಾಗುತ್ತದೆ. ಇಟ್ಟ ಕಲ್ಲು ಇಟ್ಟಲ್ಲಿ ಇರಬೇಕು, ನನ್ನ ಕಸುಬು ಅಷ್ಟೇ. ಅಂಥ ನಾನು ಹೋದ ವರ್ಷದ ಆಟಿ ತಿಂಗಳಲ್ಲಿ, ಒಂದು ಕಲ್ಲು ಇಟ್ಟಲ್ಲಿ ಇರದಿರಲಿ ಎಂದು ಮನೆಯ ದೈವಕ್ಕೆ ಕೈಮುಗಿದು ಕೇಳಿಕೊಂಡೆ.

ಅಕ್ಕನ ಮನೆ ಜೆಪ್ಪುವಿನಲ್ಲಿ, ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದರ ಹಿಂದಿನ ಓಣಿಯಲ್ಲಿ. ಮನೆಯ ಬೆನ್ನಿಗೆ ಒಂದು ಗುಡ್ಡೆ. ಅದು ಪಕ್ಕದ ಮನೆಯ ಬಾಯಿಯವರದ್ದು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಾವು ಗೌರವದಿಂದ ಬಾಯಿ ಎನ್ನುತ್ತೇವೆ. ಗಲ್ಫಿನಲ್ಲಿರುವ ಅವರ ಮಕ್ಕಳು ರಜೆಗೆ ಬಂದಾಗಲೆಲ್ಲ ಅಲ್ಲಿ ಫ್ಲ್ಯಾಟು ಕಟ್ಟಿಸೋಣ ಎನ್ನುತ್ತಾರೆ, ಬಾಯಿ ಮಾತ್ರ ತಾನು ಸತ್ತ ಮೇಲೆ ಎನ್ನುತ್ತಾರೆ. ಹಾಗಾಗಿ ಸುತ್ತಲೂ ಕಾಂಕ್ರೀಟು ಎದ್ದರೂ ಆ ಗುಡ್ಡೆ ಗುಡ್ಡೆಯಾಗಿಯೇ ಉಳಿದಿದೆ.

ಮಳೆ ಹಿಡಿಯಿತೆಂದರೆ ಭಾವನಿಗೆ ಅದೇ ಮಾರ್ಕೆಟು. ಭಾವ ಎಂದರೆ ಅಕ್ಕನ ಗಂಡ, ಗೂಡ್ಸ್ ರಿಕ್ಷಾ ಓಡಿಸುತ್ತಿದ್ದವರು. ಕೆಲಸಕ್ಕೆ ಹೋಗುವ ಮೊದಲು ಗುಡ್ಡೆಗೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಬರುವಾಗ ಲುಂಗಿಯ ಮಡಿಲಲ್ಲಿ ತಜಂಕ್ ಸೊಪ್ಪು ಇರುತ್ತಿತ್ತು, ಇಲ್ಲವಾದರೆ ಪತ್ರೊಡೆಗೆ ಮರಕೆಸುವಿನ ಎಲೆ, ಅದೃಷ್ಟ ಇದ್ದರೆ ನಾಲ್ಕು ಅಣಬೆ. ಮರದ ಕವಲಿನಲ್ಲಿ ಹುಟ್ಟುವ ಆ ಕೆಸುವಿನ ಎಲೆ ಕೊಯ್ಯುವಾಗ ಬುಡದಲ್ಲಿ ಒಂದೆರಡನ್ನು ಬಿಟ್ಟೇ ಬರಬೇಕು. ಗಡ್ಡೆಗೆ ಕೈ ಹಾಕಬಾರದು. ಒಮ್ಮೆ ನಾನು ಪೂರ್ತಿ ಕಿತ್ತು ತಂದದ್ದಕ್ಕೆ ಭಾವ ಬೈದಿದ್ದರು: "ಅಂಗಡಿಯಲ್ಲಾದ್ರೆ ಹಣ ಕೊಟ್ಟು ತೆಗೊಳ್ಳುದು ಮಾರಾಯ. ಇಲ್ಲಿ ಮರ್ಯಾದೆ ಕೊಟ್ಟು ತೆಗೊಳ್ಳುದು."

ಆ ಗುಡ್ಡೆಯಲ್ಲಿ ಒಂದು ಪಾಲೆ ಮರ ಇದೆ. ಅದರಿಂದ ಸ್ವಲ್ಪ ಕೆಳಗೆ, ಇಳಿಜಾರಿನಲ್ಲಿ, ಒಂದು ಕಾಸರಕನ ಮರ. ಎರಡೂ ಹೆಚ್ಚುಕಡಿಮೆ ಒಂದೇ ದಪ್ಪ, ಒಂದೇ ಬೂದುಬಣ್ಣದ ಮೈ. ಹಗಲಿನಲ್ಲಿ ಚಿಕ್ಕ ಮಕ್ಕಳೂ ಗುರುತು ಹಿಡಿಯುತ್ತಾರೆ. ಪಾಲೆಯ ಎಲೆಗಳು ಬಿಡಿಸಿದ ಬೆರಳುಗಳ ಹಾಗೆ ಸುತ್ತ ಹರಡಿರುತ್ತವೆ, ಕೆತ್ತಿದರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಹಾಲಿಲ್ಲ, ವಿಷ ಇದೆ. ತೊಂದರೆ ಏನೆಂದರೆ, ಪಾಲೆಯ ತೊಗಟೆಯನ್ನು ಹಗಲಿನಲ್ಲಿ ತೆಗೆಯುವ ಕ್ರಮವೇ ನಮ್ಮಲ್ಲಿಲ್ಲ.

ಆಟಿ ಎಂದರೆ ಆಷಾಢದ ಹೊತ್ತಿಗೆ ಬರುವ ತುಳು ತಿಂಗಳು. ಆ ತಿಂಗಳ ಅಮಾವಾಸ್ಯೆಯ ದಿನ ಬರಿಹೊಟ್ಟೆಗೆ ಪಾಲೆಯ ತೊಗಟೆಯ ಕಷಾಯ ಕುಡಿಯಬೇಕು. ಕುಡಿದರೆ ಮಳೆಗಾಲದ ರೋಗ ಹತ್ತಿರ ಬರುವುದಿಲ್ಲ ಎಂದು ನಂಬಿಕೆ. ಹಿಂದಿನ ದಿನ ಸಂಜೆ ಹೋಗಿ ಮರದ ಬುಡದಲ್ಲಿ ಒಂದು ಕಲ್ಲಿಟ್ಟು, ನಾಳೆ ಮದ್ದಿಗೆ ಬರುತ್ತೇನೆ ಎಂದು ಮರಕ್ಕೆ ಹೇಳಿ ಬರಬೇಕು. ಮರುದಿನ ಕಾಗೆ ಕೂಗುವ ಮೊದಲು, ದೀಪ ಹಿಡಿಯದೆ, ಯಾರೊಡನೆಯೂ ಮಾತಾಡದೆ ಹೋಗಬೇಕು. ಕಬ್ಬಿಣ ಮುಟ್ಟಿಸಬಾರದು, ಚೂಪುಕಲ್ಲಿನಲ್ಲಿಯೇ ತೊಗಟೆ ಜಜ್ಜಿ ತೆಗೆಯಬೇಕು. ಅದೂ ಒಂದೇ ಬದಿಯಲ್ಲಿ. ಸುತ್ತ ಕೆತ್ತಿದರೆ ಮರ ಸಾಯುತ್ತದೆ. ತೆಗೆದಾದ ಮೇಲೆ ಮರದ ಗಾಯಕ್ಕೆ ಮಣ್ಣು ಮೆತ್ತಬೇಕು. ತಂದವನೇ ತೊಗಟೆಯನ್ನು ಓಮ, ಕಾಳುಮೆಣಸು, ಬೆಳ್ಳುಳ್ಳಿಯ ಜೊತೆ ಜಜ್ಜಿ ಹಿಂಡಬೇಕು. ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಆ ರಸದಲ್ಲಿ ಮುಳುಗಿಸಿದಾಗ ಚೊಂಯ್ ಎಂದು ಮನೆ ತುಂಬ ಹೊಗೆ ಏಳುತ್ತದೆ. ತಂದವನು ಮೊದಲು ಕುಡಿಯಬೇಕು, ಆಮೇಲೆ ಮನೆಯವರು. ಕಷಾಯದ ಉಷ್ಣ ಇಳಿಯಲು ಹಿಂದೆಯೇ ಮೆಂತೆ ಗಂಜಿ.

ಕೊರೊನಾ ಬರುವುದಕ್ಕೆ ಮೊದಲಿನ ಆಟಿಯಲ್ಲಿ ಭಾವ ಹೀಗೆಯೇ ಹೋಗಿ, ಹೀಗೆಯೇ ತಂದು, ಹೀಗೆಯೇ ಹಿಂಡಿದರು. ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಮಕ್ಕಳಿಲ್ಲ. ಭಾವನ ತಾಯಿ, ನಮ್ಮ ಅತ್ತೆ, ಉಳ್ಳಾಲದ ಮಗಳ ಮನೆಗೆ ಹೋಗಿದ್ದರು. ಭಾವ ಎರಡು ಗ್ಲಾಸಿಗೆ ಹೊಯ್ದು ಒಂದನ್ನು ತಾನು ಕುಡಿದರು, ಇನ್ನೊಂದನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ಬಾಯಿಗೆ ಇಡಬೇಕು ಎನ್ನುವಾಗ ಒಲೆಯಲ್ಲಿ ಮೆಂತೆ ಗಂಜಿ ಉಕ್ಕಿತು. ಗ್ಲಾಸನ್ನು ಕಟ್ಟೆಯ ಮೇಲಿಟ್ಟು ಒಳಗೆ ಓಡಿದಳು. ಬೆಂಕಿ ಕಡಿಮೆ ಮಾಡಿ, ಚೆಲ್ಲಿದ್ದನ್ನು ಒರೆಸಿ ಬರುವಷ್ಟರಲ್ಲಿ ಭಾವ ನೆಲದಲ್ಲಿದ್ದರು. ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ಬಾಯಿಯವರ ಕಾರಿನಲ್ಲಿ ಅತ್ತಾವರದ ಆಸ್ಪತ್ರೆಗೆ ಮುಟ್ಟಿಸಿದರು, ಆದರೆ ಉಳಿಯಲಿಲ್ಲ. ತಪ್ಪಿ ಬೇರೆ ಮರದ ತೊಗಟೆ ತಂದದ್ದು ಎಂದು ಪೊಲೀಸರು ಬರೆದುಕೊಂಡು ಹೋದರು.

ಬೂದಿ ಬಿಟ್ಟು ಬಂದ ದಿನ ನಾನೊಬ್ಬನೇ ಗುಡ್ಡೆಗೆ ಹೋಗಿ ನೋಡಿದೆ. ಪಾಲೆಯ ಮೈಯಲ್ಲಿ ಹೊಸ ಗಾಯ ಇರಲಿಲ್ಲ. ಕಾಸರಕದಲ್ಲಿ ಇತ್ತು, ಒಂದೇ ಬದಿಯಲ್ಲಿ, ಅಚ್ಚುಕಟ್ಟಾಗಿ. ಅದರ ಮೇಲೆ ಕೆಂಪು ಮಣ್ಣು ಮೆತ್ತಿದ್ದರು. ಬೆರಳಿನ ಗುರುತು ಮಳೆಗೆ ಅರ್ಧ ಕರಗಿ, ಅರ್ಧ ಹಾಗೆಯೇ ಉಳಿದಿತ್ತು. ಬುಡದಲ್ಲಿ ಭಾವನ ಗುರ್ತದ ಕಲ್ಲು. ಪ್ರತಿ ವರ್ಷ ಅವರು ಇಡುತ್ತಿದ್ದ, ಅಂಗೈಯಷ್ಟು ದೊಡ್ಡ ಗುಂಡಗಿನ ಬಿಳಿಕಲ್ಲು. ಎಲ್ಲ ನನಗೆ ಅಲ್ಲಿಯೇ ಅರ್ಥವಾಯಿತು. ಸಂಜೆ ಪಾಲೆಯ ಬುಡದಲ್ಲಿಟ್ಟ ಕಲ್ಲು ರಾತ್ರಿಯ ಮಳೆಗೆ ಜಾರಿ ಕೆಳಗಿನ ಮರಕ್ಕೆ ಬಂದು ನಿಂತಿದೆ. ಭಾವ ಕತ್ತಲೆಯಲ್ಲಿ ಕಾಲಿನಿಂದ ಕಲ್ಲನ್ನು ಹುಡುಕಿ, ಕಲ್ಲಿದ್ದ ಮರವನ್ನು ಕೆತ್ತಿದ್ದಾರೆ.

ನನಗೆ ಅರ್ಥವಾದರೆ ಸಾಕೇ? ಓಣಿಯಲ್ಲಿ ಬೇರೆ ಮಾತು ಎದ್ದಿತ್ತು. ಇಷ್ಟು ವರ್ಷ ತಂದವನಿಗೆ ಮರ ಗೊತ್ತಾಗಲಿಲ್ಲವಾ ಎಂದು ಒಬ್ಬ ಕೇಳಿದ. ಗೊತ್ತಿದ್ದೇ ತಂದದ್ದಿರಬೇಕು ಎಂದು ಇನ್ನೊಬ್ಬ. ಅದು ಅಕ್ಕನ ಕಿವಿಗೆ ಬೀಳಬಾರದಿತ್ತು, ಬಿತ್ತು. ಬಿದ್ದದ್ದಕ್ಕೆ ಬೇರು ಬಿಡಲು ಜಾಗವೂ ಇತ್ತು. ಆ ವಾರವಿಡೀ ಗಂಡ ಹೆಂಡತಿಗೆ ಮಾತಿರಲಿಲ್ಲ. ಉರ್ವದ ಕಡೆ ಒಂದು ಫ್ಲ್ಯಾಟಿಗೆ ಹೋಗೋಣ ಎಂದು ಅಕ್ಕನ ಹಟ. ಈ ಗುಡ್ಡೆ ಬಿಟ್ಟು ಬರುವುದಿಲ್ಲ, ನನ್ನ ಹೆಣವೇ ಇಲ್ಲಿಂದ ಹೋಗುವುದು ಎಂದು ಭಾವ ಹೇಳಿದ್ದರು. ಸಿಟ್ಟಿನಲ್ಲಿ ಯಾರಾದರೂ ಹೇಳುವ ಮಾತು. ಆದರೆ ಹೇಳಿ ಐದಾರು ದಿನಕ್ಕೆ ಹೆಣ ಹೋಯಿತು.

ಅಕ್ಕ ಅಳಲಿಲ್ಲ. ಅವಳು ಲೆಕ್ಕ ಹಾಕುತ್ತಿದ್ದದ್ದು ಎರಡನೇ ಗ್ಲಾಸಿನದು, ತನ್ನ ಕೈಗೆ ಕೊಟ್ಟದ್ದರದು.

"ಅವರ ಕೈಗೆ ಹಾಲು ಅಂಟ್ಲಿಲ್ವಾ ತಮ್ಮಾ?" ಎಂದು ಕೇಳುತ್ತಿದ್ದಳು.

"ಮಳೆ ಅಲ್ವಾ ಅಕ್ಕ. ಮಳೆಗೆ ಹಾಲು ಎಲ್ಲಿ ನಿಲ್ತದೆ?"

"ಮಳೆ ಪ್ರತಿ ಆಟಿಯಲ್ಲೂ ಉಂಟು."

"ಮರಕ್ಕೆ ಮಣ್ಣು ಮೆತ್ತಿದ್ದಾರೆ ಅಕ್ಕ, ನಾನು ಕಣ್ಣಾರೆ ನೋಡಿದ್ದೇನೆ. ಸಾಯ್ಲಿಕ್ಕೆ ಹೊರಟವ ಮರದ ಗಾಯಕ್ಕೆ ಮಣ್ಣು ಮೆತ್ತುತ್ತಾನಾ?"

"ಅವರು ಮೆತ್ತುತ್ತಾರೆ. ನಿನ್ನ ಭಾವ ನಿನಗೆ ಗೊತ್ತಿಲ್ವಾ?"

ನಿಜವಾಗಿಯೂ ಅವರು ಮೆತ್ತುವವರೇ.

ಸ್ವಲ್ಪ ದಿನ ಕಳೆದ ಮೇಲೆ ಓಣಿಯ ಗಂಡಸರು ಮೆಶಿನ್ ಗರಗಸ ತಂದು ಕಾಸರಕವನ್ನು ಕಡಿಯಲು ನಿಂತರು. ಬಾಯಿಯವರೂ ಕಡಿಯಿರಿ ಎಂದಿದ್ದರು. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಗುಡ್ಡೆ ಹತ್ತಿ ಮರಕ್ಕೆ ಒರಗಿ ನಿಂತರು.

"ಮರ ಎಂತ ಮಾಡಿದ್ದು? ಅದು ಅದರ ಜಾಗದಲ್ಲಿ ನಿಂತಿತ್ತು. ನಡ್ಕೊಂಡು ಬಂದದ್ದು ನನ್ನ ಮಗ."

"ಅಜ್ಜೀ, ನಾಳೆ ಇನ್ನೊಬ್ಬ ಬಂದು ಕೆತ್ತಿದ್ರೆ ಯಾರು ಜವಾಬ್ದಾರಿ?" ಎಂದು ಒಬ್ಬ ಕೇಳಿದ.

"ಹಾಗಾದ್ರೆ ಮೊದಲು ಸಮುದ್ರ ಮುಚ್ಚಿಸು ಮಾರಾಯ. ಅದರಲ್ಲಿ ಹೋದವರು ಹೆಚ್ಚುಂಟು."

ಗರಗಸ ವಾಪಸು ಹೋಯಿತು. ಆದರೆ ಓಣಿಯಲ್ಲಿ ಕಷಾಯ ನಿಂತಿತು. ಬೇಕಾದವರು ಯಾವುದೋ ಹಾಲ್‌ನಲ್ಲಿ ಪೇಪರ್ ಕಪ್ಪಿಗೆ ಹೊಯ್ದು ಕೊಡುವುದನ್ನು ಕುಡಿದು ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾನು ಅದನ್ನೂ ಕುಡಿಯಲಿಲ್ಲ.

ಆಟಿಯಲ್ಲಿ ನಮ್ಮಲ್ಲಿ ಇನ್ನೊಂದು ಕ್ರಮ ಇದೆ. ಸತ್ತವರಿಗೆ ಬಡಿಸುವುದು. ಅವರಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ, ಬಾಳೆಎಲೆಯಲ್ಲಿ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತೆರೆದು ನಾವು ಊಟ ಮಾಡುವುದು. ಮನೆಯ ಅಡುಗೆ ಅಕ್ಕನದು, ಹಾಗಾಗಿ ಕರೆಯಬೇಕಾದವಳೂ ಅವಳೇ. ಪ್ರತಿ ಆಟಿಗೆ ಅತ್ತೆ ಕೇಳುವರು, ಪ್ರತಿ ಆಟಿಗೆ ಅಕ್ಕ ಇಲ್ಲ ಎನ್ನುವಳು.

"ಅವ ಹೊರಗೆ ನಿಂತಿದ್ದಾನೆ ಮಾರಾಯ್ತಿ. ನಿನಗೆ ಕೇಳುದಿಲ್ವಾ?"

"ಯಾರನ್ನು ಕರೆಯುದು ಅತ್ತೆ? ನನ್ನ ಗಂಡನನ್ನಾ, ನನಗೆ ವಿಷ ಹೊಯ್ದು ಕೊಟ್ಟವನನ್ನಾ? ಅದು ಗೊತ್ತಾಗದೆ ನಾನು ಎಲೆ ಹಾಕುದಿಲ್ಲ."

ನಿನಗೆ ಕೇಳುವುದಿಲ್ಲವಾ ಎಂದು ಅತ್ತೆ ಹೇಳಿದ್ದು ಸುಮ್ಮನೆ ಅಲ್ಲ. ಆಟಿಯ ಬೆಳಗಿನ ಹೊತ್ತು ಮನೆಯ ಹಿಂದೆ ಒಂದು ಸದ್ದು ಬರುತ್ತಿತ್ತು. ಕಲ್ಲಿನಿಂದ ಮರವನ್ನು ಜಜ್ಜುವ ಹಾಗೆ, ಟೊಕ್, ಟೊಕ್. ನಾನು ದೆವ್ವ ಭೂತ ಎಂದು ಹೆದರುವ ಜನ ಅಲ್ಲ. ಒಂದು ಸಲ ಅಲ್ಲಿ ಮಲಗಿದ್ದಾಗ ನನಗೂ ಕೇಳಿತು. ಎದ್ದು ಹಿಂದಿನ ಬಾಗಿಲು ತೆರೆದೆ. ಯಾರೂ ಇಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾಡಿನ ನೀರು ಬೀಳುತ್ತಿತ್ತು. ಇದರದ್ದೇ ಸದ್ದು ಎಂದುಕೊಂಡು ಬಂದು ಮಲಗಿದೆ. ನೀರಿನ ಸದ್ದು ಬೇರೆ, ಕಲ್ಲಿನ ಸದ್ದು ಬೇರೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹಾಗೆಂದುಕೊಂಡೇ ಮಲಗಿದೆ.

ಹೋದ ವರ್ಷ ಅತ್ತೆಯ ಕಾಲು ಪೂರ್ತಿ ಸೋತಿತ್ತು. ಬೇಸಿಗೆಯಿಂದ ಯಾರಾದರೂ ಕೈ ಹಿಡಿಯದೆ ಮೆಟ್ಟಿಲು ಇಳಿಯುತ್ತಿರಲಿಲ್ಲ. ಮುಂದಿನ ಆಟಿಗೆ ನಾನು ಇರುವುದಿಲ್ಲ ಎಂದು ದಿನಾ ಹೇಳುತ್ತಿದ್ದರು. ಅಮಾವಾಸ್ಯೆಯ ಹಿಂದಿನ ದಿನ ಅಕ್ಕ ನನಗೆ ಫೋನ್ ಮಾಡಿದಳು. ಅತ್ತಾವರದಲ್ಲಿ ಗೋಡೆ ಕೆಲಸ ಬಿಟ್ಟು ಸ್ಕೂಟರಿನಲ್ಲಿ ಬಂದೆ.

"ಕಲ್ಲು ಉರುಳಿತು ಅಂತ ಹೇಳಿದ್ದು ನೀನು. ಕಲ್ಲಿನ ಮೇಸ್ತ್ರಿ ಅಲ್ವಾ, ತೋರ್ಸು," ಎಂದಳು.

ಇಬ್ಬರೂ ಗುಡ್ಡೆ ಹತ್ತಿದೆವು. ಅವಳ ಕೈಯಲ್ಲಿ ಅಂಥದೇ ಒಂದು ಗುಂಡಗಿನ ಬಿಳಿಕಲ್ಲಿತ್ತು. ಪಾಲೆಯ ಬುಡದ ಮಣ್ಣು ಎಲ್ಲಿ ಸಡಿಲ ಇದೆ ಎಂದು ನಾನು ಕಣ್ಣಲ್ಲೇ ನೋಡಿಟ್ಟುಕೊಂಡೆ. ಕೊಡು, ನಾನು ಇಡುತ್ತೇನೆ ಎಂದು ಕೈ ಚಾಚಿದೆ. ಅಕ್ಕ ಕೈ ತಳ್ಳಿದಳು.

"ನೀನು ಇಟ್ರೆ ಅದು ಎಲ್ಲಿಗೂ ಹೋಗ್ಲಿಕ್ಕಿಲ್ಲ."

ತಾನೇ ಕುಳಿತು ಇಟ್ಟಳು. ನಾಳೆ ಮದ್ದಿಗೆ ಬರುತ್ತೇವೆ, ಇದು ಗುರ್ತ ಎಂದು ಭಾವ ಹೇಳುತ್ತಿದ್ದ ಹಾಗೆಯೇ ಮರಕ್ಕೆ ಹೇಳಿದಳು. ಕೆಳಗೆ ಕಾಸರಕ ನಿಂತಿತ್ತು. ಹಳೆಯ ಗಾಯ ಕೂಡಿ ಅಲ್ಲಿ ತುಟಿಯ ಹಾಗೆ ಒಂದು ಗೆರೆ ಉಳಿದಿತ್ತು. ಅಕ್ಕ ಅದನ್ನು ಮೊದಲ ಸಲ ನೋಡಿದ್ದು ಆಗ.

ರಾತ್ರಿ ಮಳೆ ಬಂತು, ಆದರೆ ನನಗೆ ಬೇಕಾದಷ್ಟು ಜೋರು ಮಳೆ ಅಲ್ಲ. ಮೇಲೆ ಹೇಳಿದ ಪ್ರಾರ್ಥನೆ ನಾನು ಮಾಡಿದ್ದು ಆಗ. ಬೆಳಗಾಗುತ್ತಾ ಬಂದರೂ ಅಕ್ಕ ಎದ್ದು ಹೊರಡಲಿಲ್ಲ. ಎಲೆ ಕಾಣುವಷ್ಟು ಬೆಳಕಾಗದೆ ಹೋಗುವುದು ಬೇಡ ಎಂದು ಮೊದಲೇ ಹೇಳಿದ್ದಳು. ಅದು ಅತ್ತೆಗೆ ಆಗಲಿಲ್ಲ.

"ಕಾಗೆ ಕೂಗಿದ ಮೇಲೆ ತಂದ್ರೆ ಅದು ಮದ್ದಲ್ಲ. ಬರೀ ಕಹಿ," ಎಂದು ಒಳಗಿನಿಂದಲೇ ಗೊಣಗಿದರು.

"ಕಹಿಯೇ ಸಾಕು ಅತ್ತೆ. ನನಗೆ ಎಲೆ ಕಾಣ್ಬೇಕು."

ಕಾಗೆ ಕೂಗಿ, ಬಾಯಿಯವರ ಮನೆಯ ಗೇಟಿಗೆ ಪೇಪರ್ ಬಿದ್ದ ಮೇಲೆ ನಾವು ಹೋದೆವು. ಪಾಲೆಯ ಬುಡದಲ್ಲಿ ಕಲ್ಲಿರಲಿಲ್ಲ.

ನನ್ನ ಎದೆ ಹಗುರವಾಯಿತು. ಓಡಿ ಕೆಳಗಿನ ಮರಕ್ಕೆ ಹೋದೆ. ಅಲ್ಲಿಯೂ ಇರಲಿಲ್ಲ. ಸುತ್ತ ಹುಲ್ಲು ಕೆದಕಿದೆ, ನೀರು ಹರಿದ ಜಾಡು ಹಿಡಿದು ಬಾಯಿಯವರ ಗೋಡೆಯವರೆಗೆ ಹೋದೆ. ಎಲ್ಲಿಯೂ ಇಲ್ಲ. ನಿಜ ಹೇಳಬೇಕೆಂದರೆ, ಅಷ್ಟು ಮಳೆಗೆ ಕಲ್ಲು ಹೋಗಬಾರದಿತ್ತು. ಪಾಲೆಯ ಬುಡದಲ್ಲಿ ಉದುರಿದ ಎಲೆಗಳು ಕೂಡ ಅಲುಗಿರಲಿಲ್ಲ.

ಅಕ್ಕ ಕಲ್ಲಿಟ್ಟ ಜಾಗವನ್ನೇ ನೋಡುತ್ತಾ ನಿಂತಿದ್ದಳು. "ಕೆತ್ತು," ಎಂದಳು. ಕೆತ್ತಿದೆ. ಹಾಲು ಬಂತು, ಬೆರಳಿಗೆ ಅಂಟಿತು. ಎಲೆ ನೋಡಿದೆ, ಹಾಲು ನೋಡಿದೆ, ಪುನಃ ಎಲೆ ನೋಡಿದೆ. ಗಾಯಕ್ಕೆ ಮಣ್ಣನ್ನು ಅಕ್ಕನೇ ಮೆತ್ತಿದಳು.

ಮನೆಗೆ ಬಂದಾಗ ಅತ್ತೆ ಹಿಂದಿನ ಜಗಲಿಯಲ್ಲಿ ಕುಳಿತಿದ್ದರು.

"ಕಲ್ಲು ಉಂಟಾ?"

"ಇಲ್ಲ ಅತ್ತೆ. ಹೋಗಿದೆ."

"ಆಟಿಯ ಮಳೆ ಮಾರಾಯ್ತಿ. ಆನೆಯೇ ಹೋಗ್ತದೆ, ಕಲ್ಲು ಯಾವ ಲೆಕ್ಕ?"

ಆಗ ನನ್ನ ಕಣ್ಣು ಅವರ ಕಾಲಿಗೆ ಬಿತ್ತು. ಹರಡಿನವರೆಗೆ ಕೆಂಪು ಮಣ್ಣು. ಬೆರಳಿನ ಸಂದಿಯಲ್ಲಿ ಹುಲ್ಲಿನ ಎಸಳು. ಸೀರೆಯ ಅಂಚು ಒದ್ದೆಯಾಗಿ ಕಾಲಿಗೆ ಅಂಟಿತ್ತು, ಮಂಡಿಯ ಮೇಲೆ ಒಂದು ಕಡೆ ತರಚಿ ರಕ್ತ ಹೆಪ್ಪುಗಟ್ಟಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕಡೆ ನೋಡಿದಳು. ಅವಳಿಗೂ ಕಂಡಿತ್ತು. ಒಳಗೆ ಹೋಗಿ ಒಂದು ಚೆಂಬು ಬಿಸಿನೀರು ತಂದು ಕೆಳಗೆ ಕುಳಿತು ಅತ್ತೆಯ ಕಾಲು ತೊಳೆಯತೊಡಗಿದಳು.

"ಬಚ್ಚಲಿಗೆ ಹೋಗಿದ್ದೆ," ಎಂದರು ಅತ್ತೆ, ಬೇರೆ ಕಡೆ ನೋಡುತ್ತಾ.

"ಹೌದು ಅತ್ತೆ. ಬಚ್ಚಲಲ್ಲಿ ಮಣ್ಣು ತುಂಬ ಉಂಟು."

ಕಷಾಯ ಹಿಂಡುವಾಗ ನಾನು ತಡೆಯಲಾರದೆ ಮೆಲ್ಲ ಕೇಳಿದೆ, "ಅಕ್ಕ, ಆ ಕಲ್ಲು..."

"ಸುಮ್ನಿರು," ಎಂದಳು ಅಕ್ಕ. "ಆ ಕತ್ತಲೆಯಲ್ಲಿ, ಆ ಕಾಲಲ್ಲಿ ಗುಡ್ಡೆ ಹತ್ತಿದ್ದಾರೆ. ಹೆತ್ತವರಿಗೆ ಮಗ ಎಂಥವ ಅಂತ ಗೊತ್ತಿರ್ತದೆ. ಇನ್ನು ನನಗೆ ಕಲ್ಲು ಬೇಡ."

ಬಿಳಿಕಲ್ಲು ಕಾಯಿಸಿ ಮುಳುಗಿಸಿದೆ, ಹೊಗೆ ಎದ್ದಿತು. ಮೂರು ಗ್ಲಾಸಿಗೆ ಹೊಯ್ದೆ. ತಂದವನು ನಾನು, ಮೊದಲು ನಾನು ಕುಡಿಯಬೇಕು. ಗ್ಲಾಸಿಗೆ ಕೈ ಹಾಕುವಷ್ಟರಲ್ಲಿ ಅಕ್ಕ ತನ್ನದನ್ನು ಎತ್ತಿ ಒಂದೇ ಗುಟುಕಿಗೆ ಕುಡಿದುಬಿಟ್ಟಳು. ಮುಖ ಕಿವುಚಿ, ಗ್ಲಾಸು ಕವುಚಿ ಇಟ್ಟಳು. ಎಲೆ ನೋಡಿದ್ದೇನೆ, ಹಾಲು ನೋಡಿದ್ದೇನೆ, ಆದರೂ ಅವಳ ಬೆರಳು ನಡುಗುತ್ತದಾ, ದವಡೆ ಬಿಗಿಯುತ್ತದಾ ಎಂದು ನೋಡುತ್ತಾ ನಿಂತೆ. ನನ್ನ ಕೈಯ ಕೆಲಸದ ಬಗ್ಗೆ ನನಗೆ ಸಂಶಯ ಬಂದದ್ದು ಜೀವಮಾನದಲ್ಲಿ ಅದೊಂದೇ ಸಲ.

"ಎಂತ ನೋಡ್ತಿ? ಕುಡಿ. ಗಂಜಿ ತಣ್ಣಗಾಗ್ತದೆ," ಎಂದಳು.

ಅತ್ತೆ ತಮ್ಮ ಪಾಲಿನದನ್ನು ಕುಡಿದು, "ಹೇಳಿದೆ ಅಲ್ವಾ, ಬರೀ ಕಹಿ," ಎಂದರು.

ಮಧ್ಯಾಹ್ನಕ್ಕೆ ಅಕ್ಕ ಕುಚ್ಚಲಕ್ಕಿ ಅನ್ನ ಮಾಡಿದಳು. ತಜಂಕ್ ಸೊಪ್ಪಿಗೆ ಹಲಸಿನ ಬೀಜ ಹಾಕಿ ಪಲ್ಯ, ಒಣ ಸಿಗಡಿಯ ಚಟ್ನಿ, ಹುರಿದ ಮೆಣಸು. ಎಲ್ಲ ಭಾವನಿಗೆ ಬೇಕಾದದ್ದೇ. ಒಳಕೋಣೆಯಲ್ಲಿ ಮಣೆ ಹಾಕಿ, ಎಲೆ ಹಾಸಿ, ಬಡಿಸಿ, ಲೋಟದಲ್ಲಿ ನೀರಿಟ್ಟಳು. ಗಂಡನ ಹೆಸರು ಹೇಳುವ ಕ್ರಮ ಅವಳಿಗಿಲ್ಲ. "ಬನ್ನಿ" ಎಂದಷ್ಟೇ ಹೇಳಿ ಹೊರಗೆ ಬಂದು ಬಾಗಿಲೆಳೆದಳು.

ಮೂವರೂ ಜಗಲಿಯಲ್ಲಿ ಕುಳಿತೆವು. ಮಳೆ ನಿಂತಿತ್ತು. ಓಣಿಯ ತುದಿಯಲ್ಲಿ ಸಿಟಿ ಬಸ್ಸಿನ ಹಾರನ್ ಕೇಳಿಸಿ ಸುಮ್ಮನಾಯಿತು. ಆಮೇಲೆ ಏನೂ ಇಲ್ಲ. ಬಾಗಿಲಿನ ಆಚೆಗೂ ಏನೂ ಇಲ್ಲ, ಆದರೆ ಖಾಲಿ ಕೋಣೆಯ ಮೌನ ಹಾಗಿರುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಕ್ಕ ಬಾಗಿಲಿನ ಕಡೆಗೆ ವಾಲಿ, ಪಕ್ಕದಲ್ಲಿ ಉಣ್ಣುತ್ತಿರುವವರನ್ನು ಕೇಳುವ ಸ್ವರದಲ್ಲಿ ಕೇಳಿದಳು:

"ಉಪ್ಪು ಕಮ್ಮಿ ಆಯ್ತಾ?"

ಕೇಳಿ, ಕಿವಿಯನ್ನು ಬಾಗಿಲಿಗೆ ಕೊಟ್ಟು ಹಾಗೆಯೇ ಕುಳಿತಳು.